ಬಾವಿಯ ಮುಚ್ಚಳದ ಮೇಲೆ ಐದು ಕಲ್ಲು

ನಮ್ಮ ಬಿಲ್ಡಿಂಗಿನ ಬಾವಿ ನನ್ನ ಅಡುಗೆಮನೆಯ ಕಿಟಕಿಯ ಕೆಳಗೇ ಇದೆ. ಮುಂಬಯಿಯ ವಡಾಲದ ಈ ಭಾಗದ ಹಳೆಯ ವಸತಿ ಸೊಸೈಟಿಗಳಲ್ಲಿ ಇಂಥ ಬಾವಿಗಳು ಇನ್ನೂ ಉಳಿದಿವೆ. ಸಮುದ್ರ ಹತ್ತಿರ, ಹಿಂದೆ ಉಪ್ಪು ಬೆಳೆಯುತ್ತಿದ್ದ ನೆಲ. ಹಾಗಾಗಿ ನೀರನ್ನು ಬಾಯಿಗೆ ಹಾಕುವಂತಿಲ್ಲ. ಕುಡಿಯಲು, ಅಡುಗೆಗೆ ಮುನಿಸಿಪಾಲಿಟಿ ನೀರು ಬೆಳಿಗ್ಗೆ ಸ್ವಲ್ಪ ಹೊತ್ತು ಬರುತ್ತದೆ. ಸಂಡಾಸಿಗೆ, ನೆಲ ತೊಳೆಯುವುದಕ್ಕೆ ಬಾವಿಯ ನೀರೇ ಗತಿ. ಬಾವಿಯೊಳಗೆ ಸದಾ ಮುಳುಗಿಕೊಂಡೇ ಇರುವ ಪಂಪೊಂದು ಆ ನೀರನ್ನು ತಾರಸಿಯ ಟಾಕಿಗೆ ದೂಡುತ್ತದೆ. ಪಂಪು ಕಣ್ಣಿಗೆ ಕಾಣುವಂಥದ್ದಲ್ಲ. ಅದು ಕೆಟ್ಟ ದಿನ ಮಾತ್ರ ಎಲ್ಲರಿಗೂ ಅದರ ನೆನಪಾಗುತ್ತದೆ. ಜೊತೆಗೆ ಇಂದ್ರಾಬಾಯಿಯ ನೆನಪೂ ಆಗುತ್ತದೆ.

ಇಂದ್ರಾಬಾಯಿ ಆ ಪಂಪನ್ನು ನೋಡಿಕೊಳ್ಳುವವಳು. ನಮ್ಮದೊಂದೇ ಅಲ್ಲ, ಇಲ್ಲಿಂದ ಪರೇಲ್‌ವರೆಗೆ ಹಲವು ಸೊಸೈಟಿಗಳ ಬಾವಿಗಳು ಆಕೆಯ ಕೈಯಲ್ಲಿವೆ. ಸಿಂದಗಿ ಕಡೆಯ ಹೆಂಗಸು. ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ ತೊಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದು ಬರುತ್ತಾಳೆ. ಗೇಟಿನೊಳಗೆ ಕಾಲಿಟ್ಟ ಕೂಡಲೇ ಮೀಟರ್ ರೂಮಿಗೆ ಹೋಗಿ ಪಂಪಿನ ಫ್ಯೂಸ್ ಕಿತ್ತು ತನ್ನ ಎಲೆಯಡಿಕೆಯ ಸಂಚಿಯಲ್ಲಿ ಹಾಕಿಕೊಳ್ಳುತ್ತಾಳೆ. ಆಮೇಲೆಯೇ ಮಾತು. “ಫ್ಯೂಸ್ ನನ್ನ ಸಂಚಿದಾಗ ಇದ್ರ ಯಾವ ಶಾಣ್ಯಾನೂ ಬಟನ್ ಒತ್ತಾಕ ಆಗಂಗಿಲ್ರಿ ಅಕ್ಕಾರ” ಎಂದು ನನಗೊಮ್ಮೆ ಹೇಳಿದ್ದಳು.

ಕೆಲಸ ಮುಗಿದ ಮೇಲೆ ನನ್ನ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುವುದು ಆಕೆಯ ರೂಢಿ. ಆಕೆ ಹೇಳುತ್ತಾಳೆ, ನಾನು ಕೇಳುತ್ತೇನೆ. ಆಕೆಯ ಬದುಕು ನನಗೆ ತಿಳಿದದ್ದು ಹಾಗೆ, ಒಂದೊಂದು ಕಪ್ಪಿಗೆ ಒಂದೊಂದು ತುಂಡಾಗಿ.

ಮದುವೆಯಾಗಿ ಗಂಡ ಭೀಮರಾಯನ ಜೊತೆ ಮುಂಬಯಿಗೆ ಬಂದಾಗ ಇಬ್ಬರೂ ಸಾಂತಾಕ್ರೂಜ್‌ನಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗೊಂದರ ಕೆಲಸಕ್ಕೆ ಸೇರಿದರು. ಆಕೆ ಬುಟ್ಟಿ ಹೊತ್ತಳು, ಆತ ಪಾಯ ಅಗೆದ. ಒಮ್ಮೆ ಪಾಯದ ಗುಂಡಿಯಲ್ಲಿ ತುಂಬಿದ್ದ ನೀರಿಗೆ ಯಾರದೋ ಡ್ರಿಲ್ ಮಷೀನು ಬಿತ್ತು. ಭೀಮರಾಯ ಮುಳುಗಿ ಅದನ್ನು ತಂದುಕೊಟ್ಟ. ಊರ ಕೆರೆಯಲ್ಲಿ ಎಮ್ಮೆಗಳ ಜೊತೆ ಬೆಳೆದವನಿಗೆ ಅದೇನೂ ದೊಡ್ಡದಲ್ಲ. ಆದರೆ ನೋಡುತ್ತಿದ್ದ ಪಂಪಿನ ಕಾಂಟ್ರಾಕ್ಟರನೊಬ್ಬ ಮರುದಿನವೇ ಆತನನ್ನು ಕರೆದುಕೊಂಡು ಹೋದ. ಮುಂಬಯಿಯ ಬಾವಿಗಳಿಗೆ ಪಂಪು ಬೀಳುವುದು ಸಾಮಾನ್ಯ. ಉಪ್ಪುನೀರಿಗೆ ಪೈಪು ತುಕ್ಕು ಹಿಡಿದು ತುಂಡಾಗುತ್ತದೆ, ಪಂಪು ತಳದ ಕೆಸರಿಗೆ ಹೋಗಿ ಕೂರುತ್ತದೆ. ಆಗ ಉಸಿರು ಹಿಡಿದು ಇಳಿದು, ಕತ್ತಲಲ್ಲಿ ತಡಕಿ, ಅದಕ್ಕೆ ಹಗ್ಗ ಕಟ್ಟಿ ಮೇಲೆ ಬರುವವರು ಬೇಕು. ಭೀಮರಾಯ ಆ ಕೆಲಸದಲ್ಲಿ ಹೆಸರಾದ.

ಇಂದ್ರಾಬಾಯಿ ಮೊದಮೊದಲು ಬುತ್ತಿ ಒಯ್ಯುತ್ತಿದ್ದಳು. ಆಮೇಲೆ ಆತನ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಆಕೆಯ ಕೈಗೆ ಬಂತು. “ಬ್ಯಾರೆಯವರು ಹಿಡಿದ್ರ ಬೀಡಿ ಸೇದಕೋತ ನಿಂದರ್ತಾರ. ನೀ ಹಿಡಿ ಅಂದ್ರು” ಎಂದು ನಕ್ಕು ಹೇಳಿದ್ದಳು. ಹಗ್ಗ ಹಿಡಿದು ನಿಂತವಳ ಕಣ್ಣಿಗೆ ಬಿಡುವಿತ್ತು; ಪೈಪು ಹೇಗೆ ಬಿಚ್ಚುತ್ತಾರೆ, ಎಲ್ಲಿ ಕ್ಲಾಂಪು ಹಾಕುತ್ತಾರೆ, ಯಾವ ವೈರು ಎಲ್ಲಿಗೆ, ಎಲ್ಲವನ್ನೂ ನೋಡಿ ಕಲಿತಳು.

ಸಾಂತಾಕ್ರೂಜ್‌ನ ಒಂದು ಹೋಟೆಲಿನ ಹಿಂದೆ ಬಹಳ ಕಾಲ ಮುಚ್ಚಿಟ್ಟಿದ್ದ ಬಾವಿಯೊಂದಿತ್ತು. ಬಿದ್ದ ಪಂಪು ತೆಗೆಯಲು ಭೀಮರಾಯ ಅದಕ್ಕೆ ಇಳಿದ. ನೀರು ಮುಟ್ಟುವ ಮೊದಲೇ ಹಗ್ಗ ಒಮ್ಮೆಲೇ ಭಾರವಾಯಿತು. ಇಂದ್ರಾಬಾಯಿ ಕೂಗಲಿಲ್ಲ, ಕೇಳಲಿಲ್ಲ, ಎಳೆಯತೊಡಗಿದಳು. ಬಾವಿಯೊಳಗಿನ ಕೆಟ್ಟ ಗಾಳಿಗೆ ಪ್ರಜ್ಞೆ ತಪ್ಪಿದ್ದ ಆತ ಮೇಲೆ ಬಂದಾಗ ತುಟಿ ನೀಲಿಯಾಗಿತ್ತು. ಪರೇಲ್‌ನ ಆಸ್ಪತ್ರೆಯಲ್ಲಿ ಬದುಕಿಕೊಂಡ. ಎದೆ ಮಾತ್ರ ಮೊದಲಿನಂತಾಗಲಿಲ್ಲ. ಎರಡು ಮಹಡಿ ಹತ್ತಿದರೆ ಕೂರಬೇಕು. ಇನ್ನು ಬಾವಿಗೆ ಇಳಿಯಕೂಡದು ಎಂದು ಡಾಕ್ಟರು ಹೇಳಿದರು. ಡಾಕ್ಟರ ಎದುರಿಗೆ ಆತ ತಲೆಯಾಡಿಸಿದ.

“ತಲಿ ಆಡಿಸಿದ್ದು ಡಾಕ್ಟರ ಸಲುವಾಗಿ ರೀ ಅಕ್ಕಾರ” ಎಂದಳು ಇಂದ್ರಾಬಾಯಿ. “ಮನಷ್ಯಾ ಹಂಗs ಅದಾರ. ಎಲ್ಲೆರ ಪಂಪ್ ಬಿತ್ತಂದ್ರ ಇವತ್ತೂ ಇಳೀತಾರ. ಅದಕ್ಕ ನಾ ಪಂಪ್ ಬೀಳಾಕs ಬಿಡಂಗಿಲ್ಲ. ನನ್ನ ಕೆಲಸ ಅಂದ್ರ ಅಷ್ಟs.”

ಆ ಮೇಲೆ ಆಕೆಯೇ ತಂಡ ಕಟ್ಟಿಕೊಂಡಳು. ನಾದಿನಿಯ ಮಗ ಸುಭಾಷ, ಊರಕಡೆಯ ಶಿವಪುತ್ರ, ತಾನು. ಇಬ್ಬರೂ ಮಕ್ಕಳೊಂದಿಗರಾದ ಗಂಡಸರು. ಭೀಮರಾಯನೂ ಜೊತೆಗೆ ಬರುತ್ತಾನೆ, ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂರುತ್ತಾನೆ, ಕೇಳಿದ್ದಕ್ಕೂ ಕೇಳದ್ದಕ್ಕೂ ಸಲಹೆ ಕೊಡುತ್ತಾನೆ.

ಇನ್ನು ಆ ಕಲ್ಲುಗಳ ವಿಷಯ. ನಮ್ಮ ಬಾವಿಗೆ ಹೊಸ ಪಂಪು ಇಳಿಸಿದ ದಿನ ಇಂದ್ರಾಬಾಯಿ ತನ್ನ ಊರಿನ ಪದ್ಧತಿಯಂತೆ ಗಂಗಿಪೂಜೆ ಮಾಡಿದಳು. ಬಾವಿಯ ತಳದಿಂದ ಬಂದ ಹೂಳಿನಲ್ಲಿ ಐದು ನುಣುಪು ಕಲ್ಲು ಆರಿಸಿ, ತೊಳೆದು, ಅರಿಸಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ ಕೈಮುಗಿಯುವುದು. ಪೂಜೆಯಾದ ಮೇಲೆ ಆ ಕಲ್ಲುಗಳನ್ನು ನೀರಿಗೇ ಬಿಟ್ಟುಬಿಡಬೇಕು. ಆದರೆ ಅಂದು ಸೊಳ್ಳೆ ತಪಾಸಣೆಯವರು ಬರುತ್ತಾರೆಂದು ಬಾವಿಯ ಕಬ್ಬಿಣದ ಮುಚ್ಚಳಕ್ಕೆ ಅವಸರವಸರವಾಗಿ ಬೋಲ್ಟು ಬಿಗಿದುಬಿಟ್ಟಿದ್ದರು. ಮುಂದಿನ ಸಲ ಬಂದಾಗ ಬಿಟ್ಟರಾಯಿತೆಂದು ಇಂದ್ರಾಬಾಯಿ ಐದೂ ಕಲ್ಲನ್ನು ಮುಚ್ಚಳದ ಮೇಲೇ ಇಟ್ಟು ಹೋದಳು.

ಮರುದಿನ ಬೆಳಿಗ್ಗೆ ಮೂರನೇ ಮಹಡಿಯ ಪುಟ್ಟಲಕ್ಷ್ಮಿಯವರು ಅದನ್ನು ಕಂಡರು. ಮೈಸೂರು ಕಡೆಯವರು, ಯಜಮಾನರು ಸತ್ಯಮೂರ್ತಿ ಬ್ಯಾಂಕಿನಿಂದ ನಿವೃತ್ತರು. ಕುಂಕುಮ ಹಚ್ಚಿದ ಕಲ್ಲಿಗೆ ದೀಪವಿಲ್ಲವಲ್ಲ ಎಂದು ಅವರು ಒಂದು ದೀಪ ಹಚ್ಚಿದರು. ಗಾಳಿಗೆ ದೀಪ ಆರುತ್ತದೆಂದು ಯಾರೋ ಎರಡು ಇಟ್ಟಿಗೆ ಇಟ್ಟರು. ಇಟ್ಟಿಗೆ ಚೆನ್ನಾಗಿ ಕಾಣುವುದಿಲ್ಲವೆಂದು ಮತ್ಯಾರೋ ಟೈಲ್ಸ್ ಹಾಕಿಸಿದರು. ಆರು ತಿಂಗಳೊಳಗೆ ಮುಚ್ಚಳದ ಮೇಲೆ, ಬಾವಿಯ ಕಟ್ಟೆಗೆ ಅಂಟಿಕೊಂಡಂತೆ, ಸಿಮೆಂಟಿನ ಪುಟ್ಟ ಗುಡಿಯಾಯಿತು. ಪುಟ್ಟಲಕ್ಷ್ಮಿಯವರು ದಿನವೂ ಸ್ನಾನ ಮಾಡಿ ಬಂದು ಕಲ್ಲುಗಳನ್ನು ತೊಳೆದು, ಹೂವಿಟ್ಟು, ಮೆಲುದನಿಯಲ್ಲಿ ಏನಾದರೂ ಹಾಡಿ ಹೋಗುತ್ತಿದ್ದರು. ನಾನೂ ಕಿಟಕಿಯಿಂದಲೇ ಕೈಮುಗಿಯುತ್ತಿದ್ದೆ.

ಈ ಬೇಸಿಗೆಯ ಒಂದು ಭಾನುವಾರ ಮೋಟರು ಗುಂಯ್ ಎನ್ನುತ್ತಿದ್ದರೂ ಟಾಕಿಗೆ ನೀರು ಏರಲಿಲ್ಲ. ಮಧ್ಯಾಹ್ನದೊಳಗೆ ಎಲ್ಲರ ಮನೆಯ ಸಂಡಾಸೂ ಒಣಗಿತು. ಸೊಸೈಟಿಯ ಸೆಕ್ರೆಟರಿ ಸೋಮನಾಥ ಕಾರವಾರದವರು; ಅವಸರವಾದಾಗ ಅವರ ಕನ್ನಡದೊಳಗೆ ಹಿಂದಿ ನುಗ್ಗುತ್ತದೆ. ಫೋನು ಮಾಡಿ ಇಂದ್ರಾಬಾಯಿಯನ್ನು ಕರೆಸಿದರು.

ಆಕೆ ಫ್ಯೂಸ್ ಕಿತ್ತಿಟ್ಟುಕೊಂಡು ಬಾವಿಯ ಹತ್ತಿರ ಬಂದವಳೇ ಕಟ್ಟೆಯ ಮೇಲಿನ ಕಬ್ಬಿಣದ ತೊಲೆಗೆ ಕಟ್ಟಿದ್ದ ನೈಲಾನ್ ಹಗ್ಗವನ್ನು ಮುಟ್ಟಿದಳು. ಪಂಪಿಗೆ ಇಂಥದೊಂದು ಹಗ್ಗ ಕಟ್ಟಿರುತ್ತಾರೆ. ಎಲ್ಲ ಸರಿಯಿದ್ದಾಗ ಅದು ಸಡಿಲವಾಗಿರುತ್ತದೆ, ಏಕೆಂದರೆ ಪಂಪಿನ ಭಾರವೆಲ್ಲ ಪೈಪಿನ ಮೇಲೆ. ಅಂದು ಹಗ್ಗ ತಂತಿಯಂತೆ ಬಿಗಿದಿತ್ತು.

“ಪೈಪ್ ಹರದದ” ಎಂದಳು. “ಪಂಪ್ ಹಗ್ಗದ ಮ್ಯಾಲೆ ಜೋತಾಡಲಿಕತ್ತದ.”

ಸುಭಾಷ ಮತ್ತು ಶಿವಪುತ್ರ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ, ಅದಕ್ಕೆ ಚೈನಿನ ಕಪ್ಪಿ ತೂಗುಹಾಕಿ, ಒಂದೊಂದೇ ಪೈಪನ್ನು ಎತ್ತಿ ಬಿಚ್ಚುತ್ತ ಬಂದರು. ಕೊನೆಯ ಪೈಪು ಮೇಲೆ ಬಂದಾಗ ಅದರ ತುದಿ ಗೆದ್ದಲು ತಿಂದ ಕಟ್ಟಿಗೆಯಂತೆ ಹರಿದುಹೋಗಿತ್ತು. ಪಂಪು ಒಳಗೇ ಉಳಿಯಿತು.

ಮುಚ್ಚಳಕ್ಕೆ ಎರಡು ಭಾಗ. ಸಣ್ಣ ಭಾಗ ತೆಗೆದರೆ ಪೈಪು ಬರುತ್ತದೆ. ಪಂಪಿನ ದಪ್ಪ ಮೈ ಬರಲು ದೊಡ್ಡ ಭಾಗವನ್ನೂ ತೆಗೆಯಬೇಕು. ಗುಡಿಯಿದ್ದದ್ದು ಆ ದೊಡ್ಡ ಭಾಗದ ಮೇಲೆ.

ಇಂದ್ರಾಬಾಯಿ ಬೋರಲಾಗಿ ಮಲಗಿ ಸಣ್ಣ ಕಿಂಡಿಯಿಂದ ಒಳಗೆ ಬ್ಯಾಟರಿ ಬಿಟ್ಟು ನೋಡಿದಳು. ಹಗ್ಗ ಮುಚ್ಚಳದ ಅಂಚಿಗೆ ಉಜ್ಜಿ ಉಜ್ಜಿ ಅಲ್ಲಿ ಎಳೆಗಳು ಬಿಚ್ಚಿಕೊಂಡಿದ್ದವು. ಅದಕ್ಕಿಂತ ಕೆಳಗೆ ಹೊಸ ಹಗ್ಗ ಕಟ್ಟೋಣವೆಂದು ಕೈ ಹಾಕಿದರೆ ಬೆರಳ ತುದಿ ತಾಗುತ್ತಿತ್ತು, ಹಿಡಿತ ಸಿಗುತ್ತಿರಲಿಲ್ಲ. ಎದ್ದು ಅಂಗಿ ಕೊಡವಿಕೊಂಡಳು.

“ಎಷ್ಟು ಹೊತ್ತು ತಡೀತದ?” ಎಂದ ಭೀಮರಾಯ, ಕುರ್ಚಿಯಿಂದಲೇ.

“ಹೇಳಾಕ ಬರಂಗಿಲ್ಲ.”

“ಹರಿದ್ರ ಹರೀಲಿ. ನಾ ಅದೀನಲ್ಲ.” ಆತನ ಕೈ ಆಗಲೇ ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು.

“ಗುಂಡಿ ಹಾಕ್ಕೊಳ್ರಿ” ಎಂದಳು ಇಂದ್ರಾಬಾಯಿ, ಆತನ ಕಡೆ ತಿರುಗದೆ.

ಸೋಮನಾಥರು ಗುಡಿಯನ್ನೂ ತಮ್ಮ ಗಡಿಯಾರವನ್ನೂ ನೋಡಿದರು. “ದೇಖೋ ಇಂದ್ರಾಬಾಯಿ, ಜನ ಬಕೆಟ್ ಹಿಡ್ಕೊಂಡು ಮೆಟ್ಟಿಲ ಮೇಲೆ ಕೂತಿದಾರೆ. ಒಡೆದುಬಿಡಿ. ಬಾದ್ ಮೇ ಆ ಕಡೆ ತುಳಸಿ ಹತ್ರ ಹೊಸದು ಕಟ್ಟಿಸೋಣ, ಇದಕ್ಕಿಂತ ಚೆನ್ನಾಗಿ.”

ಸುಭಾಷ ಸುತ್ತಿಗೆ ತಂದ. ತಂದು ಇಂದ್ರಾಬಾಯಿಯ ಕಾಲ ಬಳಿ ಇಟ್ಟು ಹಿಂದೆ ಸರಿದ. “ನಾ ಒಡಿಯಂಗಿಲ್ಲ ಅತ್ತಿ. ಮನ್ಯಾಗ ಹೆಂಗಸು ಬಸುರಿ ಅದಾಳ.”

“ನಿನಗ ಯಾರು ಒಡಿ ಅಂದ್ರು?”

ಆ ಹೊತ್ತಿಗೆ ಪುಟ್ಟಲಕ್ಷ್ಮಿಯವರು ಕೆಳಗಿಳಿದು ಬಂದರು. ಯಾರೋ ಹೇಳಿರಬೇಕು. ನಿಧಾನದ ಹೆಂಗಸು, ಆದರೆ ಅಂದು ಚಪ್ಪಲಿಯನ್ನೂ ಹಾಕಿಕೊಂಡಿರಲಿಲ್ಲ. “ಏನ್ರಮ್ಮಾ ಇದು, ದೇವರ ಮುಂದೆ ಸುತ್ತಿಗೆ ಹಿಡ್ಕೊಂಡು ನಿಂತಿದೀರಲ್ಲ?”

“ನಿಂತೀವ್ರಿ ಅಮ್ಮಾರ, ಎತ್ತಿಲ್ಲ.”

“ಎತ್ತೋದೂ ಬೇಡ. ಒಂದು ಸಲ ಕೂರಿಸಿದ ದೇವರನ್ನ ಕದಲಿಸಬಾರದು. ನಿಮಗೆ ಬೇಕಾದ್ರೆ ಬೇರೆ ಕಡೆಯಿಂದ ತೂತು ಕೊರೆದುಕೊಳ್ಳಿ. ಗುಡಿಗೆ ಮಾತ್ರ ಕೈ ಹಾಕಬೇಡಿ.”

“ಆ ಕಲ್ಲು ಇಟ್ಟಾಕಿ ನಾನs ರೀ” ಎಂದಳು ಇಂದ್ರಾಬಾಯಿ.

ಪುಟ್ಟಲಕ್ಷ್ಮಿಯವರಿಗೆ ಅರ್ಥವಾಗಲಿಲ್ಲ. ಇಂದ್ರಾಬಾಯಿ ಪೂಜೆಯ ದಿನದ್ದೆಲ್ಲ ಹೇಳಿದಳು; ಹೂಳಿನಿಂದ ಆರಿಸಿದ್ದು, ಬೋಲ್ಟು ಬಿಗಿದದ್ದು, ಮುಂದಿನ ಸಲ ಬಿಡೋಣವೆಂದುಕೊಂಡದ್ದು. “ಮುಂದಿನ ಸಲ ಬಂದು ನೋಡಿದ್ರ ನೀವು ದೀಪ ಹಚ್ಚೀರಿ. ಉರಿಯೂ ದೀಪದ ಮುಂದ ನಿಂತು ಏನಂತ ಹೇಳ್ಲಿ, ಬಾಯಿ ಬರ್ಲಿಲ್ರಿ.”

“ತಾನಾಗೇ ಮೂಡಿದ್ದು ಅಂದ್ರಲ್ಲ ಸೋಮನಾಥ್ ಅವರು?”

ಎಲ್ಲರೂ ಸೋಮನಾಥರ ಕಡೆ ತಿರುಗಿದರು. “ನಾನೇನು ನೋಡಿದ್ನಾ?” ಎಂದರು ಅವರು. “ವಾಚ್‌ಮನ್ ಹೇಳಿದ. ಅವನು ಹೇಳಿದ್ದನ್ನ ನಾನು ಹೇಳಿದೆ.”

ಸತ್ಯಮೂರ್ತಿಯವರೂ ಹಿಂದೆಯೇ ಬಂದಿದ್ದರು. ಸೋಮನಾಥರು ಅವರ ತೋಳು ಹಿಡಿದು, ನೀವಾದರೂ ಹೇಳಿ ಎಂದರು. ಸತ್ಯಮೂರ್ತಿ ಕನ್ನಡಕ ಸರಿಮಾಡಿಕೊಂಡರು. “ನನ್ನನ್ನ ಕೇಳಬೇಡಿ ಸ್ವಾಮಿ. ಮನೇಲಿ ಕರೆಂಟ್ ಬಿಲ್ ಇಲಾಖೆ ನಂದು, ದೇವರ ಇಲಾಖೆ ಅವಳದು.”

ಪುಟ್ಟಲಕ್ಷ್ಮಿಯವರಿಗೆ ನಗು ಬರಲಿಲ್ಲ. “ಯಾರು ಇಟ್ಟರೇನು, ಇಷ್ಟು ವರ್ಷ ಪೂಜೆ ಮಾಡಿದೀನಿ. ಈಗ ಅದು ಬರೀ ಕಲ್ಲು ಅಂತೀಯಾ?” ಎಂದು ಕೇಳಿದರು.

ನನಗೆ ಇಬ್ಬರ ಸಂಕಟವೂ ಕಾಣುತ್ತಿತ್ತು. ನಾನೂ ದೇವರ ಪಟದ ಮುಂದೆ ಕೂರುವವಳೇ. ನಿತ್ಯ ಕೈಮುಗಿದ ಜಾಗ ಒಂದು ದಿನ ಬರಿದಾಗುವುದೆಂದರೆ ಏನೆಂದು ಬಲ್ಲೆ. ಇಂದ್ರಾಬಾಯಿ ಮಾತ್ರ ವಾದಿಸಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು, ಬಾವಿಯ ಕಟ್ಟೆಯ ಮೇಲೆ ಅವರನ್ನು ಕೂರಿಸಿ, ತಾನು ಕೆಳಗೆ ಕುಕ್ಕರುಗಾಲಲ್ಲಿ ಕೂತಳು.

“ನಿಮ್ಮ ಕಡಿ ಗೌರವ್ವನ್ನ ತಂದು ಕೂಡಸ್ತಾರಲ್ರಿ ಅಮ್ಮಾರ?”

“ಗೌರಿ ಹಬ್ಬಕ್ಕೆ. ಹೂಂ.”

“ಆಮ್ಯಾಲೆ?”

“ಆಮೇಲೇನು, ಮಡಿಲಕ್ಕಿ ಕಟ್ಟಿ ನೀರಿಗೆ ಬಿಡ್ತೀವಿ.”

“ಬಿಡೂ ಮುಂದ ಆಕಿ ಬರೀ ಮಣ್ಣು ಅಂತ ಬಿಡ್ತೀರೇನ್ರಿ?”

ಪುಟ್ಟಲಕ್ಷ್ಮಿಯವರು ಸೆರಗು ಸರಿಮಾಡಿಕೊಂಡರು. “ಇಲ್ಲ. ತವರಿಗೆ ಬಂದಿರ್ತಾಳೆ. ಹೋಗಬೇಕಲ್ಲ ಅವಳು.”

“ಈಕಿ ಗಂಗವ್ವ. ಈಕಿ ಮನಿ ಒಳಗ ಅದ. ಹೊರಗ ಬಂದು ಭಾಳ ದಿನ ಆತು, ನೀವು ಭಾಳ ಚಲೋ ನೋಡ್ಕೊಂಡ್ರಿ. ನಾ ಕರಕೊಂಡು ಬಂದಾಕಿ, ಕಳಸೂದು ಬಿಟ್ಟು ಹ್ವಾದೆ. ನಾ ಈಗ ಕಳಿಸಿದ್ರ ಅದು ಚಲೋ ಕಾಣಂಗಿಲ್ಲ. ಉಂಡಿದ್ದು ನಿಮ್ಮ ಮನಿ ಅನ್ನ. ನೀವs ಕಳಸಬೇಕು.”

ಪುಟ್ಟಲಕ್ಷ್ಮಿಯವರು ಗುಡಿಯ ಕಡೆ ನೋಡಿದರು. ಆಮೇಲೆ, ಕುರ್ಚಿಯಲ್ಲಿ ಕೂತು ಅಂಗಿಯ ಗುಂಡಿಯ ಜೊತೆ ಆಡುತ್ತಿದ್ದ ಭೀಮರಾಯನ ಕಡೆ. “ಅವರ್ಯಾಕೆ ಹಾಗೆ ಕೂತಿದಾರೆ?”

“ಹಗ್ಗ ಹರೀಲಿ ಅಂತ ಕೂತಾರ್ರಿ. ಹರಿದ್ರ ಬಾವ್ಯಾಗ ಇಳೀಬೇಕಂತಾರ. ಎದಿ ಕೆಟ್ಟದ, ಡಾಕ್ಟರು ಬ್ಯಾಡಂದಾರ. ಹೆಂಡ್ತಿ ಮಾತು ಕೇಳೂ ಪೈಕಿ ಅಲ್ಲ.”

“ಕೇಳ್ತದ ನನಗ” ಎಂದ ಭೀಮರಾಯ.

“ಕೇಳಲಂತನs ಹೇಳಿದೆ” ಎಂದಳು ಇಂದ್ರಾಬಾಯಿ.

ಪುಟ್ಟಲಕ್ಷ್ಮಿಯವರು ಎದ್ದರು. ಮೆಟ್ಟಿಲ ಕಡೆ ನಡೆದರು. ಒಪ್ಪಿ ಹೋದರೋ ಮುನಿದು ಹೋದರೋ ತಿಳಿಯಲಿಲ್ಲ. ಅವರು ಮರೆಯಾದದ್ದೇ ಸೋಮನಾಥರು ಹತ್ತಿರ ಬಂದು ದನಿ ತಗ್ಗಿಸಿದರು. “ಅಭಿ ಮೌಕಾ ಹೈ. ಅವರು ಬರೋದರೊಳಗೆ ಎರಡು ಏಟು ಹಾಕಿ. ಆಮೇಲೆ ನಾನು ಮಾತಾಡ್ತೀನಿ.”

“ನೀವು ಮಾತಾಡಿದ್ದಕ್ಕs ಇಷ್ಟಾಗಿದ್ದು ಸಾಹೇಬ್ರ” ಎಂದ ಶಿವಪುತ್ರ. ಅವನು ದಿನವಿಡೀ ಆಡಿದ ಮಾತು ಅದೊಂದೇ ಇರಬೇಕು.

“ಆ ಅಮ್ಮಾರ ಕೈಯಿಂದ ಗಂಗವ್ವ ಏಳೂತನಕ ಯಾರೂ ಮುಟ್ಟಬ್ಯಾಡ್ರಿ” ಎಂದಳು ಇಂದ್ರಾಬಾಯಿ. ಹೇಳಿ, ಹೊಸ ಹಗ್ಗದ ಸುರುಳಿ ಬಿಚ್ಚಿ ಗಂಟು ಹಾಕುತ್ತ ಕೂತಳು. ಆಕೆ ಕೈಗೆಲಸದಲ್ಲಿ ಮುಳುಗಿದ್ದರೂ ಆಗಾಗ ಕಿವಿ ಬಾವಿಯ ಕಡೆಗಿತ್ತು. ಒಳಗಿನಿಂದ ಎಳೆಯೊಂದು ಬಿಡುವ ಸದ್ದು ಒಮ್ಮೆ ಬಂತು, ಗಿಟಾರಿನ ತಂತಿ ಮೀಟಿದಂತೆ. ಭೀಮರಾಯ ಎದ್ದು ನಿಂತ. ಆಕೆ ನೋಡಿದಳು. ಆತ ಕೂತ.

ಪುಟ್ಟಲಕ್ಷ್ಮಿಯವರು ಬಂದರು. ಕೈಯಲ್ಲಿ ಆರತಿ ತಟ್ಟೆ. ಹಿಂದೆ ಸತ್ಯಮೂರ್ತಿ ಮೊರ ಹಿಡಿದು ಬರುತ್ತಿದ್ದರು, ಅದರಲ್ಲಿ ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ, ವೀಳ್ಯದೆಲೆ, ಹಸಿರು ಬಳೆ, ಹೊಸ ರವಿಕೆ ಕಣ. “ಅವಸರದಲ್ಲಿ ಸಿಕ್ಕಿದ್ದು ಇಷ್ಟೇ” ಎಂದರು, ಮಗಳನ್ನು ಕಳಿಸುವವರು ಹೇಳುವಂತೆಯೇ. ಮಂಗಳಾರತಿ ಎತ್ತಿದರು. ಅದುವರೆಗೆ ಕಿಟಕಿಯಲ್ಲಿದ್ದ ನಾನೂ ಹೊರಗೆ ಬಂದು ಅವರ ಹಾಡಿಗೆ ಒಂದು ಸಾಲು ಕೂಡಿಸಿದೆ. ಆಮೇಲೆ ಅವರು ತಮ್ಮ ಸೆರಗು ಒಡ್ಡಿ, ಅಕ್ಕಿಯನ್ನು ಅದರಲ್ಲಿ ಸುರಿದುಕೊಂಡು, ಒಂದೊಂದೇ ಕಲ್ಲನ್ನು ಎತ್ತಿ ಆ ಅಕ್ಕಿಯ ಮೇಲೆ ಇಟ್ಟುಕೊಂಡರು. ಐದನೆಯದನ್ನು ಎತ್ತುವ ಮೊದಲು ಅದರ ಮೇಲಿನ ಕುಂಕುಮ ಸರಿಮಾಡಿದರು.

“ಈಗ ಬಿಡಲಾ?”

“ಇರ್ರಿ ಅಮ್ಮಾರ, ಪಂಪಿನ ಮ್ಯಾಲೆ ಬಿದ್ದಾವು. ಮೊದಲು ಅದು ಹೊರಗ ಬರ್ಲಿ. ಅಲ್ಲೀತನಕ ಮಡಿಲಾಗ ಹಿಡಕೊಂಡು ಕೂಡ್ರಿ.”

ಸತ್ಯಮೂರ್ತಿ ಕುರ್ಚಿ ತಂದರು. ಮಡಿಲಲ್ಲಿ ಕಲ್ಲು ಹಿಡಿದು ಪುಟ್ಟಲಕ್ಷ್ಮಿಯವರು ಭೀಮರಾಯನ ಪಕ್ಕವೇ ಕೂತರು.

ಈಗ ಸುಭಾಷ ಸುತ್ತಿಗೆ ಎತ್ತಿಕೊಂಡ. ಖಾಲಿ ಗೂಡಿಗೆ ಅವನ ತಕರಾರಿರಲಿಲ್ಲ. ಟೈಲ್ಸ್, ಸಿಮೆಂಟು ನಾಲ್ಕೇಟಿಗೆ ಬಂದವು. ಬೋಲ್ಟು ಬಿಚ್ಚಿ ಮುಚ್ಚಳದ ದೊಡ್ಡ ಭಾಗವನ್ನು ಅವನೂ ಶಿವಪುತ್ರನೂ ಸೇರಿ ಸರಿಸಿದಾಗ ತಣ್ಣನೆಯ ಪಾಚಿ ವಾಸನೆ ಮೇಲೆದ್ದಿತು. ಇಂದ್ರಾಬಾಯಿ ಎಲ್ಲರನ್ನೂ ಹಿಂದೆ ಸರಿಸಿ, ಗಾಳಿಯಾಡಲಿ ಎಂದು ಕೊಂಚ ಕಾದಳು. ಆಮೇಲೆ ತನ್ನ ಸೊಂಟಕ್ಕೊಂದು ಹಗ್ಗ ಬಿಗಿದು ಅದನ್ನು ಶಿವಪುತ್ರನ ಕೈಗೆ ಕೊಟ್ಟು, ಕಟ್ಟೆಯ ಮೇಲೆ ಹೊಟ್ಟೆಯಡಿಯಾಗಿ ಮಲಗಿ ಒಳಗೆ ಬಾಗಿದಳು. ಹಳೆ ಹಗ್ಗ ಸವೆದ ಜಾಗಕ್ಕಿಂತ ಕೆಳಗೆ, ಗಟ್ಟಿಯಿದ್ದಲ್ಲಿ, ಹೊಸ ಹಗ್ಗವನ್ನು ಸುತ್ತು ಸುತ್ತಾಗಿ ಬಿಗಿಯತೊಡಗಿದಳು. ಎಳೆದಷ್ಟೂ ಬಿಗಿಯಾಗುವ ಗಂಟು ಅದು. ಆ ಹೊಸ ಹಗ್ಗದ ಇನ್ನೊಂದು ತುದಿಯನ್ನು ಕಪ್ಪಿಯ ಕೊಕ್ಕೆಗೆ ಸಿಕ್ಕಿಸಲು ಸುಭಾಷನಿಗೆ ಸನ್ನೆ ಮಾಡಿದಳು.

ಕೊಕ್ಕೆ ಸಿಕ್ಕಿತು. ಅವಳ ಮುಖ ಇನ್ನೂ ಬಾವಿಯೊಳಗೇ ಇತ್ತು. ಆಗಲೇ ಹಳೆ ಹಗ್ಗ ಸವೆದಲ್ಲಿ ಹರಿಯಿತು. ಪಟಾಕಿಯಂಥ ಸದ್ದು. ಚೈನು ಝಲ್ಲೆಂದಿತು, ಸ್ಟ್ಯಾಂಡಿನ ಮೂರು ಕಾಲೂ ನೆಲಕ್ಕೆ ಬಿಗಿಯಾಗಿ ಊರಿಕೊಂಡವು, ಒಳಗೆ ನೀರು ಕಲಕಿದ ಸದ್ದು ಬಂತು. ಪುಟ್ಟಲಕ್ಷ್ಮಿಯವರು ಮಡಿಲನ್ನು ಎರಡೂ ಕೈಯಿಂದ ಅವಚಿಕೊಂಡರು. ನಾನು ಕಣ್ಣು ಮುಚ್ಚಿಕೊಂಡಿದ್ದೆನೆಂದು ಕಾಣುತ್ತದೆ. ಬಿಟ್ಟಾಗ ಭೀಮರಾಯ ಕಟ್ಟೆಯ ಹತ್ತಿರ ನಿಂತಿದ್ದ. ಅಂಗಿ ಆತನ ಮೈಮೇಲಿರಲಿಲ್ಲ.

ಇಂದ್ರಾಬಾಯಿ ಮೇಲೆ ಬಂದು ಕೂತಳು. ಗಲ್ಲದ ಮೇಲೆ ಹಗ್ಗದ ಹೊಡೆತಕ್ಕೆ ಕೆಂಪು ಬರೆಯೆದ್ದಿತ್ತು. ಹೊಸ ಹಗ್ಗವನ್ನು ಮುಟ್ಟಿ ನೋಡಿದಳು. ಬಿಗಿಯಾಗಿತ್ತು.

“ಹಿಡದದ” ಎಂದಳು.

“ನೀ ಮ್ಯಾಲೆ ಅದೀ, ನಾ ಇಳದು ಕೆಳಗಿಂದ ಆಸರ ಕೊಡ್ತೀನಿ” ಎಂದ ಭೀಮರಾಯ. ಆತನ ಎದೆಯ ಏರಿಳಿತ ನನಗೂ ಕಾಣುತ್ತಿತ್ತು. ಕುರ್ಚಿಯಿಂದ ಕಟ್ಟೆಯವರೆಗೆ ಬಂದದ್ದಕ್ಕೇ ಅಷ್ಟು.

“ಕೆಳಗ ಕೆಲಸ ಇಲ್ರಿ” ಎಂದಳು ಆಕೆ, ಮೆಲ್ಲಗೆ. “ಮ್ಯಾಲೆ ಅದ. ಸುಭಾಷಂದು ಕೈ ಅವಸರದ್ದು, ಜಗ್ಗಿಬಿಡ್ತಾನ. ಚೈನ್ ನೀವು ಎಳೀರಿ. ಒಳಗ ಅದು ಹೆಂಗ ತೂಗಾಡ್ತದ ನಿಮಗ ಗೊತ್ತಾದಂಗ ಯಾರಿಗೂ ಗೊತ್ತಾಗಂಗಿಲ್ಲ. ಗ್ವಾಡಿಗೆ ಬಡೀಲಾರದಂಗ ತರ್ರಿ.”

ಸುಳ್ಳಾಗಿ ಆಡಿದ ಮಾತಲ್ಲ ಅದು. ಭೀಮರಾಯ ಒಂದು ಗಳಿಗೆ ನಿಂತ. ಆಮೇಲೆ ಸುಭಾಷನ ಕೈಯಿಂದ ಚೈನು ತೆಗೆದುಕೊಂಡ. ಚೈನಿನ ಕಪ್ಪಿಗೆ ಬಲ ಬೇಡ, ಹದ ಬೇಕು. ಆತ ಎರಡು ಎಳೆತ ಎಳೆದು ನಿಲ್ಲುತ್ತಿದ್ದ, ಕಣ್ಣು ಮುಚ್ಚಿ ಚೈನಿನ ನಡುಕವನ್ನು ಕೈಯಲ್ಲೇ ಓದುತ್ತಿದ್ದ, ಉಸಿರು ಸುಧಾರಿಸಿಕೊಂಡು ಮತ್ತೆ ಎಳೆಯುತ್ತಿದ್ದ. ಆತ ನಿಂತಾಗಲೆಲ್ಲ ಎಲ್ಲರೂ ನಿಂತೆವು. ಸೋಮನಾಥರೂ ಗಡಿಯಾರ ನೋಡುವುದನ್ನು ಬಿಟ್ಟಿದ್ದರು. ಇಂದ್ರಾಬಾಯಿ ವೈರನ್ನು ಮಡಚಿಕೊಳ್ಳುತ್ತ, ಬಾವಿಯೊಳಗೆ ನೋಡುತ್ತ, “ಬಂತು... ಇನ್ನೊಂದು... ಎಡಕ್ಕ ಹೊಂಟದ, ನಿಂದರ್ರಿ... ಹಾಂ, ಎಳೀರಿ” ಎನ್ನುತ್ತಿದ್ದಳು. ಎಷ್ಟೋ ವರ್ಷ ಆತನ ಹಗ್ಗ ಹಿಡಿದು ನಿಂತವಳ ದನಿ ಅದು; ಆತ ಅದಕ್ಕೆ ತಕ್ಕಂತೆ ಕೈಯಾಡಿಸಿದ.

ಪಂಪು ಕಟ್ಟೆಯ ಮೇಲೆ ಬಂತು, ನೀರು ಸುರಿಸುತ್ತ, ಮೈತುಂಬ ಪಾಚಿ ಹೊತ್ತು. ಶಿವಪುತ್ರ ಅದನ್ನು ಮಗುವಿನಂತೆ ಅಪ್ಪಿ ನೆಲಕ್ಕೆ ಇಳಿಸಿದ. ಭೀಮರಾಯ ಚೈನು ಬಿಟ್ಟು, ಎರಡೂ ಕೈ ಮೊಣಕಾಲ ಮೇಲಿಟ್ಟು ಬಾಗಿ ನಿಂತ. ಇಂದ್ರಾಬಾಯಿ ನೀರಿನ ಬಾಟಲಿಯನ್ನೂ ಅಂಗಿಯನ್ನೂ ಒಟ್ಟಿಗೆ ಕೊಟ್ಟಳು. ಆತ ನೀರು ಕುಡಿದ. ಅಂಗಿಯನ್ನೂ ಹಾಕಿಕೊಂಡ.

ಪಂಪಿಗೆ ಏನೂ ಆಗಿರಲಿಲ್ಲ. ಕೆಟ್ಟದ್ದು ಪೈಪು ಮಾತ್ರ. ಕಬ್ಬಿಣದ ಪೈಪಿನ ಬದಲು ಉಪ್ಪು ಹತ್ತದ ಕಪ್ಪು ಪ್ಲಾಸ್ಟಿಕ್ ಪೈಪು ಹಾಕೋಣವೆಂದು ಇಂದ್ರಾಬಾಯಿ ಹೇಳಿದಳು. ಸೋಮನಾಥರು ಮರುಮಾತಿಲ್ಲದೆ ಒಪ್ಪಿದರು. ಸುಭಾಷ ಟೆಂಪೋದಲ್ಲಿ ಹೋಗಿ ತಂದ. ಜಾಲರಿ ತೊಳೆದು, ವೈರಿಗೆ ಹೊಸ ಪಟ್ಟಿ ಸುತ್ತಿ, ಹೊಸ ಹಗ್ಗ ಅಂಚಿಗೆ ತಾಗದಂತೆ ರಬ್ಬರಿನ ತುಂಡು ಹೊದಿಸಿ, ಸಂಜೆಯ ಹೊತ್ತಿಗೆ ಪಂಪನ್ನು ಮತ್ತೆ ಇಳಿಸಿದರು.

ಪುಟ್ಟಲಕ್ಷ್ಮಿಯವರು ಅಷ್ಟೂ ಹೊತ್ತು ಕುರ್ಚಿ ಬಿಟ್ಟು ಎದ್ದಿರಲಿಲ್ಲ. ನಾನು ಕೊಟ್ಟ ಚಹಾವನ್ನು ಒಂದೇ ಕೈಯಲ್ಲಿ ಕುಡಿದಿದ್ದರು. ಇಂದ್ರಾಬಾಯಿ ಅವರನ್ನು ಕಟ್ಟೆಯ ಇನ್ನೊಂದು ಮಗ್ಗುಲಿಗೆ, ಪಂಪಿನಿಂದ ದೂರಕ್ಕೆ ಕರೆದೊಯ್ದು, “ಈ ಕಡಿಂದ ಬಿಡ್ರಿ” ಎಂದಳು. ಅವರು ಅಕ್ಕಿಯ ಜೊತೆಗೇ ಒಂದೊಂದು ಕಲ್ಲನ್ನು ಬಿಟ್ಟರು. ಪ್ರತಿಯೊಂದೂ ನೀರು ಮುಟ್ಟಿದ ಸದ್ದು ಕೇಳುವವರೆಗೆ ಕಾದು ಮುಂದಿನದನ್ನು ತೆಗೆದುಕೊಂಡರು. ಬಳೆ, ರವಿಕೆ ಕಣ ಬಿಡಲು ಹೋದಾಗ ಇಂದ್ರಾಬಾಯಿ ಕೈ ಹಿಡಿದಳು. “ಅದು ಬ್ಯಾಡ್ರಿ. ಬಟ್ಟಿ ಪಂಪಿನ ಬಾಯಿಗೆ ಸಿಕ್ಕೊಂತದ.”

“ಹಾಗಾದ್ರೆ ನೀನೇ ತಗೋ” ಎಂದು ಅವರು ಅದನ್ನು ಆಕೆಯ ಕೈಗಿಟ್ಟು ಕುಂಕುಮ ಹಚ್ಚಿದರು. “ಇನ್ನೊಂದು ಸಲ ಪಂಪ್ ತೆಗೆಯುವಾಗ ಹಿಂದಿನ ದಿನವೇ ತಿಳಿಸು. ಹೀಗೆ ಬರಿಗೈಲಿ ಓಡಿಬರೋ ಹಾಗೆ ಮಾಡಬೇಡ. ಚಕ್ಕುಲಿ, ಎರಡು ಉಂಡೆ ಏನಾದ್ರೂ ಮಾಡಿಟ್ಟಿರ್ತೀನಿ.”

“ಗಂಗವ್ವಗೋ ನಮಗೋ?” ಎಂದ ಸುಭಾಷ.

“ನೋಡೋಣ, ಯಾರು ಚೆನ್ನಾಗಿ ಕೆಲಸ ಮಾಡ್ತಾರೋ ಅವರಿಗೆ.”

ಇಂದ್ರಾಬಾಯಿ ಸಂಚಿಯಿಂದ ಫ್ಯೂಸ್ ತೆಗೆದು ಶಿವಪುತ್ರನ ಕೈಲಿ ಕಳಿಸಿದಳು. ಸ್ವಲ್ಪ ಹೊತ್ತಿಗೆ ತಾರಸಿಯ ಮೇಲೆ ನೀರು ಬೀಳುವ ಸದ್ದು ಕೇಳಿತು; ಮೆಟ್ಟಿಲ ಮೇಲಿನ ಬಕೆಟ್ಟುಗಳು ಒಂದೊಂದಾಗಿ ಒಳಗೆ ಹೋದವು. ಉಳಿದದ್ದು ಮುಚ್ಚಳ ಮಾತ್ರ. ಸುಭಾಷ ಅದನ್ನು ಮುಚ್ಚಲು ಬಾಗಿದಾಗ ಭೀಮರಾಯ ಅವನನ್ನು ಪಕ್ಕಕ್ಕೆ ಸರಿಸಿದ. ಮುಚ್ಚುವ ಮೊದಲು ಬಾವಿಯೊಳಗೆ ಒಮ್ಮೆ ನೋಡಿದ. ಹಳೆಯ ಊರನ್ನು ರೈಲಿನ ಕಿಟಕಿಯಿಂದ ನೋಡುವವರು ಹಾಗೆ ನೋಡುತ್ತಾರೆ. ಸುಭಾಷ, ಶಿವಪುತ್ರ ಮುಚ್ಚಳ ಎಳೆದ ಮೇಲೆ ಆತ ಬೋಲ್ಟು ತಿರುವುವ ಪಾನಾ ಹಿಡಿದು ಒಂದೊಂದೇ ಬೋಲ್ಟನ್ನು ಬಿಗಿ ಮಾಡಿದ. ಬೇರೆಯವರು ಬಿಗಿದ ಬೋಲ್ಟನ್ನು ಇಂದ್ರಾಬಾಯಿ ತಾನೂ ಒಮ್ಮೆ ತಿರುವಿ ನೋಡದೆ ಬಿಡುವವಳಲ್ಲ. ಅಂದು ನನ್ನ ಮೆಟ್ಟಿಲ ಮೇಲೆ ಕೂತು ಚಹಾ ಆರಿಸಿಕೊಳ್ಳುತ್ತ, ಆತ ಕೆಲಸ ಮುಗಿಸುವುದನ್ನು ಸುಮ್ಮನೆ ನೋಡಿದಳು.

“ಬಿಗಿ ಆದವೇನ್ರಿ?” ಎಂದು ಕೂಗಿ ಕೇಳಿದಳು.

“ಆದವು” ಎಂದ ಭೀಮರಾಯ, ಪಾನಾ ಒರೆಸಿ ಚೀಲದೊಳಗೆ ಇಡುತ್ತ.